ಮಳೆಗಾಲದ ಅಪ್ಪಯ್ಯ

ನಮ್ಮ ಕಡೆ ಬಹಳಷ್ಟು ಮಕ್ಕಳಿಗೆ ಅಪ್ಪ ಸಿಗುವುದು ಮಳೆಗಾಲದಲ್ಲಿ. ಶಿರೂರಿನಿಂದ ಬ್ರಹ್ಮಾವರದವರೆಗೆ, ಕಡಲಿಗೂ ಘಟ್ಟಕ್ಕೂ ನಡುವಿನ ಈ ಪಟ್ಟಿಯಲ್ಲಿ ಗಂಡಸರ ದುಡಿಮೆ ಯಾವತ್ತೂ ಮನೆಯಿಂದ ದೂರವೇ. ಗಂಗೊಳ್ಳಿಯಲ್ಲಿ ಬೋಟಿಗೆ ಹೋಗುವವರು ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದಲ್ಲಿ ಬಲೆ ಒಣಗಿಸಿ ಮನೆಯಲ್ಲಿ ಕೂರುತ್ತಾರೆ. ಮುಂಬೈಯ ಹೋಟೆಲುಗಳಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಮುಂದೆ ಗಲ್ಲಾದಲ್ಲಿ ಕುಳಿತವರು ಮಳೆ ಹಿಡಿಯುವ ಹೊತ್ತಿಗೆ ರಜೆ ಹಾಕಿ ನಟ್ಟಿಗೆ ಬರುತ್ತಿದ್ದರು. ಯಕ್ಷಗಾನದ ಮೇಳಕ್ಕೆ ಹೋದವರು ಮೇ ಕೊನೆಯಲ್ಲಿ, ಹತ್ತನಾವಧಿ ಕಳೆದ ಮೇಲೆ, ಗೆಜ್ಜೆ ಬಿಚ್ಚಿ ಬರುತ್ತಾರೆ. ದೀಪಾವಳಿ ಕಳೆಯಿತೆಂದರೆ ಮತ್ತೆ ತಿರುಗಾಟ.

ನನ್ನ ಅಪ್ಪಯ್ಯ ಮೇಳಕ್ಕೆ ಹೋದವರು. ಬಯಲಾಟದ ಮೇಳಗಳಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಸ್ತ್ರೀವೇಷ ಕಟ್ಟಿದವರು. ಈ ಕರ್ಕಾಟಕ ಅಮಾವಾಸ್ಯೆಗೆ ಅವರಿಗೆ ಎಪ್ಪತ್ತೈದು ತುಂಬಿತು. ಅವರ ಹೆಸರು ಪತ್ರಿಕೆಗಳಲ್ಲಿ ಬಂದದ್ದು ಕಡಿಮೆ, ಸನ್ಮಾನದ ಶಾಲುಗಳೂ ಹೆಚ್ಚಿಲ್ಲ. ಹೆಸರು ಹಾಕಬೇಡ ಎಂದು ಅವರೇ ಹೇಳಿದ್ದರಿಂದ ಇಲ್ಲಿಯೂ ಹಾಕುತ್ತಿಲ್ಲ. ಆದರೆ ಅವರು ಎಂಥ ಅಪ್ಪ ಎಂಬುದನ್ನು ಊರಿಗೆ ಹೇಳಬೇಕೆಂದು ನನಗೆ ಬಹಳ ದಿನಗಳಿಂದ ಆಸೆ ಇತ್ತು.

ಹುಟ್ಟಿದ ದಿನದ ಲೆಕ್ಕವೇ ಅವರ ತಲೆಮಾರಿನಲ್ಲಿ ಬೇರೆ. ಶಾಲೆಯ ಪುಸ್ತಕದಲ್ಲಿ ಜೂನ್ 1 ಎಂದಿದೆ. ಶಾಲೆ ಶುರುವಾಗುವ ದಿನಕ್ಕೆ ವಯಸ್ಸು ಸರಿಹೊಂದಲಿ ಎಂದು ಮಾಸ್ತರರು ಬರೆದುಕೊಂಡ ತಾರೀಕು ಅದು. ರೇಷನ್ ಕಾರ್ಡಿಗೂ ಆಧಾರಿಗೂ ಅದೇ ಹೋಗಿದೆ. ಅಜ್ಜಿ ಹೇಳುತ್ತಿದ್ದದ್ದು ಮಾತ್ರ ಮರವಂತೆ ಜಾತ್ರೆಯ ದಿನ ಹುಟ್ಟಿದ ಮಗು ಎಂದು. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕೆ, ನಡುವೆ ಹೆದ್ದಾರಿ ಇರುವ ಆ ಜಾಗದಲ್ಲಿ ವರಾಹ ದೇವರ ಗುಡಿಯಿದೆ. ಕರ್ಕಾಟಕ ಅಮಾವಾಸ್ಯೆಯಂದು ಅಲ್ಲಿ ಜಾತ್ರೆ, ಸಮುದ್ರ ಸ್ನಾನ. ಹೊಸದಾಗಿ ಮದುವೆಯಾದವರು ಜೋಡಿಯಾಗಿ ಬರುತ್ತಾರೆ. ಅಜ್ಜಯ್ಯ ಸ್ನಾನ ಮುಗಿಸಿ ನಾಡದ ಮನೆಗೆ ಮರಳುವಾಗ ಗಂಡುಮಗು ಹುಟ್ಟಿತ್ತಂತೆ. ಹೀಗಾಗಿ ಅಪ್ಪಯ್ಯನ ಹುಟ್ಟುಹಬ್ಬ ಪ್ರತಿ ವರ್ಷ ಬೇರೆ ತಾರೀಕಿಗೆ ಬರುತ್ತದೆ. 2019ರಿಂದ ಅದೇ ಅಮಾವಾಸ್ಯೆಯನ್ನು ವಿಶ್ವ ಕುಂದಾಪ್ರ ಕನ್ನಡ ದಿನ ಎಂದು ಆಚರಿಸುತ್ತಿದ್ದಾರೆ. ಅಪ್ಪಯ್ಯ ಆಡುವುದು ಆ ಭಾಷೆಯೊಂದನ್ನೇ. ಪುಸ್ತಕದ ಕನ್ನಡ ಅವರ ಬಾಯಲ್ಲಿ ಬರುವುದು ರಂಗಸ್ಥಳದಲ್ಲಿ ಮಾತ್ರ. ಅಲ್ಲಿ ದಮಯಂತಿಯಾಗಿ ನಿಂತರೆ ಒಂದಕ್ಷರ ಜಾರುವುದಿಲ್ಲ. ವೇಷ ಕಟ್ಟುವ ಚೌಕಿಗೆ ಬಂದು ಮುಡಿ ಬಿಚ್ಚಿದೊಡನೆ "ಹ್ವಾಯ್, ಒಂಚೂರ್ ನೀರ್ ಕೊಡಿ ಮಾರಾಯ್ರೆ" ಎಂದು ನಮ್ಮ ಭಾಷೆ ಬಂದುಬಿಡುತ್ತದೆ.

ಅವರು ಮೇಳಕ್ಕೆ ಸೇರಿದ್ದು ಊಟಕ್ಕಾಗಿ. ಅದನ್ನು ಅವರು ಎಂದೂ ಮುಚ್ಚಿಟ್ಟವರಲ್ಲ. ಅಜ್ಜಯ್ಯನದು ಗೇಣಿ ಗದ್ದೆ, ಮನೆ ತುಂಬ ಮಕ್ಕಳು. ಐದನೇ ಕ್ಲಾಸು ಮುಗಿದ ವರ್ಷ, ಹನ್ನೆರಡರ ಹುಡುಗನನ್ನು ಮೇಳದಲ್ಲಿದ್ದ ಸೋದರಮಾವ ಕರೆದುಕೊಂಡು ಹೋದರು. ಮೇಳದಲ್ಲಿ ಎರಡು ಹೊತ್ತು ಊಟ ಖಾತ್ರಿ. ಆಗ ಕಲಿಯಲು ಕೇಂದ್ರ, ತರಗತಿ ಎಂದಿರಲಿಲ್ಲ. ಉಡುಪಿಯಲ್ಲಿ ಯಕ್ಷಗಾನ ಕೇಂದ್ರ ಶುರುವಾದದ್ದು 1971ರಲ್ಲಿ. ಅಪ್ಪಯ್ಯ ಕಲಿತದ್ದು ರಂಗಸ್ಥಳದ ಮೇಲೆಯೇ, ನೂರಾರು ಜನರ ಎದುರು. ಮೊದಲು ಕೋಡಂಗಿ, ಆಮೇಲೆ ಬಾಲಗೋಪಾಲ, ಆಮೇಲೆ ಪೀಠಿಕೆ ಸ್ತ್ರೀವೇಷ. ಸಂಜೆ ಚೌಕಿ ಪೂಜೆ ಮುಗಿದು ಜನ ಸೇರುವ ಹೊತ್ತಿಗೆ ಈ ಮಕ್ಕಳು ಕುಣಿಯಬೇಕು. ಮುಖ್ಯ ವೇಷಗಳು ಬಣ್ಣಕ್ಕೆ ಕೂರುವಾಗ ಅವರು ತಮ್ಮ ಬಣ್ಣ ತೆಗೆದು ಮೂಲೆಯಲ್ಲಿ ಮಲಗಬಹುದು. ಅಪ್ಪಯ್ಯ ಮಲಗುತ್ತಿರಲಿಲ್ಲವಂತೆ. ಪರದೆಯ ಬದಿಗೆ ಕುಳಿತು ಬೆಳಗಿನವರೆಗೂ ನೋಡುತ್ತಿದ್ದರು. ಹಾರಾಡಿ ರಾಮ ಗಾಣಿಗರ ಕರ್ಣನನ್ನು ಹಾಗೆ ನೋಡಿದ್ದನ್ನು ಈಗಲೂ ಕೈಯಲ್ಲಿ ಮಾಡಿ ತೋರಿಸುತ್ತಾರೆ. ಕೋಟ ವೈಕುಂಠ, ಅರಾಟೆ ಮಂಜುನಾಥರಂಥವರ ಸ್ತ್ರೀವೇಷ ನೋಡಿದ ಮೇಲೆ ತಾನು ಏನಾಗಬೇಕೆಂದು ಹುಡುಗನಿಗೆ ಗೊತ್ತಾಯಿತು.

ಆಗ ಮೇಳ ನಡೆದೇ ಹೋಗುತ್ತಿತ್ತು. ವೇಷದ ಪೆಟ್ಟಿಗೆ ಹೊರುವವರು ಮುಂದೆ, ಕಲಾವಿದರು ಹಿಂದೆ. ಬೆಳಿಗ್ಗೆ ಆಟ ಮುಗಿದು, ಹರಕೆಯವರ ಮನೆಯಲ್ಲಿ ತಿಂಡಿ ತಿಂದು, ಅಲ್ಲಿಂದ ಇನ್ನೊಂದು ಊರಿಗೆ ಗದ್ದೆಯ ಅಂಚು, ಗುಡ್ಡದ ದಾರಿ, ಹೊಳೆಗೆ ದೋಣಿ. ವ್ಯಾನು ಬಂದದ್ದು ಬಹಳ ತಡವಾಗಿ. ಮಂದಾರ್ತಿಯಂಥ ಕ್ಷೇತ್ರಕ್ಕೆ ಈಗ ಐದು ಮೇಳಗಳಿದ್ದರೂ ಹರಕೆಯ ಆಟಕ್ಕೆ ಹೆಸರು ಬರೆಸಿದವರು ವರ್ಷಗಟ್ಟಲೆ ಕಾಯಬೇಕು. ಅಜ್ಜ ಹೇಳಿಕೊಂಡ ಆಟ ಮೊಮ್ಮಗನ ಕಾಲಕ್ಕೆ ನಡೆದ ಮನೆಗಳಿವೆ. ಅಂಥ ಮನೆಯಂಗಳಕ್ಕೆ ಮೇಳ ಬಂದರೆ ಆ ಮನೆಯವರಿಗೆ ದೇವರೇ ಬಂದಂತೆ. ಮಂಡಿನೋವಿದೆ, ಜ್ವರವಿದೆ ಎಂದು ಅಲ್ಲಿ ಹೇಳುವ ಹಾಗಿಲ್ಲ. ಜ್ವರದಲ್ಲಿ ಚಂದ್ರಮತಿ ಮಾಡಿದ ರಾತ್ರಿಗಳನ್ನು ಅಪ್ಪಯ್ಯ ನೆನೆಯುವುದು ದೂರಿನ ದನಿಯಲ್ಲಿ ಅಲ್ಲ. ಆ ಮನೆಯವರು ಕೊಟ್ಟ ಬಿಸಿ ಗಂಜಿಯ ರುಚಿ ಹೇಳುತ್ತ ನೆನೆಯುತ್ತಾರೆ.

ಇಷ್ಟೆಲ್ಲ ನಡೆಯುವಾಗ ನಮ್ಮ ಮನೆಯಲ್ಲಿ ಅಬ್ಬಿ, ಅಂದರೆ ಅಮ್ಮ, ಒಬ್ಬಳೇ. ಗದ್ದೆ, ದನ, ಅಜ್ಜಿಯ ಔಷಧಿ, ನಮ್ಮ ಶಾಲೆ. ಮೇಳದವರ ಹೆಂಡಂದಿರು ನಡೆಸಿದ ಸಂಸಾರದ ಬಗ್ಗೆ ಯಾರಾದರೂ ದೊಡ್ಡ ಪುಸ್ತಕ ಬರೆಯಬೇಕು. ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ಕೋಟದ ಪಕ್ಕದ ಕೋಡಿಯ ಕಥೆ. ಕಡಲು, ಗದ್ದೆ, ಮನೆ ಈ ಮೂರನ್ನೂ ಹೆಂಗಸರು ಹೇಗೆ ಎಳೆದರು ಎಂಬುದು ಪಾರೋತಿ, ಸರಸೋತಿ, ನಾಗವೇಣಿಯರನ್ನು ಓದಿದವರಿಗೆ ಗೊತ್ತು. ನನ್ನ ಅಬ್ಬಿ ಆ ಸಾಲಿನವಳು. ಮೇಳದ ಸಂಬಳ ತಿರುಗಾಟದ ಲೆಕ್ಕ. ಹೊರಡುವ ಮುಂಚೆ ಒಂದಿಷ್ಟು ಮುಂಗಡ, ಮುಗಿದಾಗ ಉಳಿದದ್ದು. ಮಳೆಗಾಲಕ್ಕೆ ಸಂಬಳವಿಲ್ಲ. ಜೂನ್‌ನಿಂದ ನವೆಂಬರ್‌ವರೆಗೆ ಅಂಗಡಿಯ ಸಾಲದ ಪುಸ್ತಕ ದಪ್ಪವಾಗುತ್ತ ಹೋಗುತ್ತಿತ್ತು. ಒಂದು ಮಳೆಗಾಲ ಯಾವುದೋ ತಂಡದೊಂದಿಗೆ ಪರವೂರಿಗೆ ಆಟಕ್ಕೆ ಹೋದ ಅಪ್ಪಯ್ಯ ಬಸ್ಸಿನ ದುಡ್ಡನ್ನೂ ಸಾಲ ಮಾಡಿ ಬಂದರು. ಕರೆದುಕೊಂಡು ಹೋದವರು ಹಣ ಕೊಡಲಿಲ್ಲ. ಅಬ್ಬಿ ಏನೂ ಕೇಳಲಿಲ್ಲ. ಮರುದಿನ ಇಬ್ಬರೂ ಗೊರಬು ಹೊದ್ದು ಬೇರೆಯವರ ಗದ್ದೆಗೆ ನಟ್ಟಿಗೆ ಹೋದರು.

ಆದರೂ ಮಳೆಗಾಲವೆಂದರೆ ನನಗೆ ಹಬ್ಬ. ಅಪ್ಪಯ್ಯ ಮನೆಯಲ್ಲಿರುತ್ತಿದ್ದರು.

ಸ್ತ್ರೀವೇಷದವರ ಮಗಳಿಗೆ ಸಿಗುವ ಭಾಗ್ಯ ಬೇರೆ ಹುಡುಗಿಯರಿಗೆ ಸಿಕ್ಕಲಿಕ್ಕಿಲ್ಲ. ನನ್ನ ತಲೆ ಬಾಚಿ ಜಡೆ ಹಾಕುತ್ತಿದ್ದದ್ದು ಅಪ್ಪಯ್ಯ. ಅಬ್ಬಿಗೆ ಅಷ್ಟು ತಾಳ್ಮೆ ಇರಲಿಲ್ಲ, ಹೊತ್ತೂ ಇರಲಿಲ್ಲ. ಜಗಲಿಯ ಮೆಟ್ಟಿಲಲ್ಲಿ ನನ್ನನ್ನು ಕೂರಿಸಿ, ಹಿಂದೆ ತಾವು ಕುಳಿತು, ಕೊಬ್ಬರಿ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸುತ್ತಿದ್ದರು. ಒಂದು ಕೂದಲೂ ಎಳೆಯುತ್ತಿರಲಿಲ್ಲ. ಮೇಳದಲ್ಲಿ ದಿನಾ ಸಂಜೆ ಚೌರಿ ಸೇರಿಸಿ ಉದ್ದ ಜಡೆ ಕಟ್ಟಿಕೊಂಡ ಕೈ ಅದು. ರಾತ್ರಿಯಿಡೀ ಕುಣಿದರೂ ಬಿಚ್ಚದ ಜಡೆ ಶಾಲೆಯ ಆಟಕ್ಕೆ ಬಿಚ್ಚೀತೇ? ನನ್ನದನ್ನು ನೋಡಿ ಗೆಳತಿಯರೂ ಬಂದು ಕೂರತೊಡಗಿದರು. ಶಾಲಾ ವಾರ್ಷಿಕೋತ್ಸವಕ್ಕೆ ಸೀರೆ ಉಡಿಸಲು ಊರ ಹುಡುಗಿಯರೆಲ್ಲ ನಮ್ಮ ಮನೆಗೇ ಬರುತ್ತಿದ್ದರು. ನೆರಿಗೆ ಎಲ್ಲಿ ಎಷ್ಟು ಹಿಡಿಯಬೇಕು, ಸೆರಗು ಯಾವ ಭುಜಕ್ಕೆ ಎಷ್ಟು ಉದ್ದ ಬೇಕು, ಓಡುವವಳಿಗೆ ಹೇಗೆ, ಕೂರುವವಳಿಗೆ ಹೇಗೆ, ಎಲ್ಲ ಅವರಿಗೆ ಗೊತ್ತಿತ್ತು. ಕನ್ನಡಿಯ ಎದುರು ನಿಲ್ಲಿಸಿ, "ಬೆನ್ನ್ ನೆಟ್ಟಗ್ ಮಾಡ್ ಮಗಾ, ಹೆದ್ರುದ್ ಎಂತಕ್ಕೆ?" ಎನ್ನುತ್ತಿದ್ದರು. ನಾನು ಇವತ್ತು ಕಾಲೇಜಿನಲ್ಲಿ ಮಕ್ಕಳೆದುರು ನಿಂತು ಪಾಠ ಮಾಡುವಾಗ ಬೆನ್ನು ನೆಟ್ಟಗಿರುವುದು ಅಲ್ಲಿಂದ ಬಂದದ್ದು.

ಹತ್ತಿರದ ಊರಿನಲ್ಲಿ ಆಟವಾದರೆ ತಿರುಗಾಟದ ನಡುವೆಯೂ ಬೆಳಿಗ್ಗೆ ಮನೆಗೆ ಬರುತ್ತಿದ್ದರು. ಕಿವಿಯ ಹಿಂದೆ ಸಫೇತದ ಗೆರೆ, ಕಣ್ಣಂಚಿನಲ್ಲಿ ಕಾಡಿಗೆ, ಕಾಲಿನಲ್ಲಿ ಗೆಜ್ಜೆ ಕಟ್ಟಿದ ಕಪ್ಪು ಗುರುತು. ನಾವು ಶಾಲೆಗೆ ಹೊರಡುವ ಹೊತ್ತಿಗೆ ಅವರಿಗೆ ನಿದ್ದೆ. ನಾವು ಬರುವ ಹೊತ್ತಿಗೆ ಅವರು ಮುಂದಿನ ಊರಿಗೆ ಹೋಗಿ ಆಗಿರುತ್ತಿತ್ತು. ತಲೆದಿಂಬಿನ ಬಳಿ ಹರಕೆಯ ಮನೆಯಿಂದ ತಂದ ಪಂಚಕಜ್ಜಾಯದ ಪೊಟ್ಟಣ ಇರುತ್ತಿತ್ತು. ಊರಲ್ಲಿ ಕೆಲವರು ಅವರನ್ನು 'ದಮಯಂತಿ' ಎಂದೇ ಕರೆಯುತ್ತಿದ್ದರು, ಪ್ರೀತಿಯಿಂದಲೇ. ಒಮ್ಮೆ ಒಬ್ಬ ಹುಡುಗ ಅದನ್ನೇ ನನ್ನ ಮುಂದೆ ಅಣಕಿಸಿ ಹೇಳಿದ. ನಾನು ಅತ್ತುಕೊಂಡು ಮನೆಗೆ ಬಂದೆ. ಅಪ್ಪಯ್ಯ ನನ್ನನ್ನು ಕೂರಿಸಿಕೊಂಡು ದಮಯಂತಿಯ ಕಥೆ ಮೊದಲಿಂದ ಹೇಳಿದರು. ಗಂಡ ಕಾಡಿನಲ್ಲಿ ಬಿಟ್ಟು ಹೋದ ಮೇಲೂ ಅವಳು ಹೇಗೆ ದಾರಿ ಹುಡುಕಿದಳು, ಸೋತವನನ್ನು ಬುದ್ಧಿಯಿಂದ ಹೇಗೆ ಮತ್ತೆ ಕರೆಸಿಕೊಂಡಳು ಎಂದು. ಆಮೇಲೆ ಆ ಹೆಸರು ಕೇಳಿದರೆ ನನಗೆ ಹೆಮ್ಮೆಯೇ ಆಯಿತು.

ಅಪ್ಪಯ್ಯ ಮಾಡಿದ ವೇಷಗಳಲ್ಲಿ ನನಗೆ ಅತಿ ದೊಡ್ಡದು 'ಭೀಷ್ಮ ವಿಜಯ'ದ ಅಂಬೆ. ಪ್ರಸಂಗ ಬಲ್ಲವರಿಗೆ ಗೊತ್ತು, ಅದು ಸುಲಭದ ಪಾತ್ರವಲ್ಲ. ಕಾಶಿಯ ಸ್ವಯಂವರದಿಂದ ಭೀಷ್ಮ ಮೂವರು ಹೆಣ್ಣುಮಕ್ಕಳನ್ನು ಗೆದ್ದು ತರುತ್ತಾನೆ. ತನ್ನ ಮನಸ್ಸು ಸಾಲ್ವನಲ್ಲಿದೆ ಎನ್ನುತ್ತಾಳೆ ಹಿರಿಯವಳು. ಭೀಷ್ಮ ಕಳುಹಿಸಿಕೊಡುತ್ತಾನೆ, ಸಾಲ್ವ ಒಲ್ಲೆ ಎನ್ನುತ್ತಾನೆ. ಜೊತೆಗೆ ಬಂದ ಮುದಿ ಬ್ರಾಹ್ಮಣನ ಹಾಸ್ಯದ ನಡುವೆ, ಕಾಡಿನಲ್ಲಿ ಕಿರಾತನೆದುರು, ಆಮೇಲೆ ಮರಳಿ ಭೀಷ್ಮನೆದುರು ಅವಳು ಒಂದೇ ಪ್ರಶ್ನೆ ಹೊತ್ತು ತಿರುಗುತ್ತಾಳೆ. ಗೆದ್ದವನಿಗೆ ಬೇಡ, ಒಲಿದವನಿಗೆ ಬೇಡ, ತಾನು ಎಲ್ಲಿ ಹೋಗಬೇಕು? ಲಜ್ಜೆ, ಆಸೆ, ಅವಮಾನ, ಸಿಟ್ಟು ಎಲ್ಲವೂ ಒಂದು ರಾತ್ರಿಯಲ್ಲಿ ಬರಬೇಕು. ಪದ್ಯಕ್ಕೆ ಕುಣಿದರೆ ಸಾಲದು, ಎದುರಿನ ಭೀಷ್ಮ ಎಷ್ಟು ದೊಡ್ಡ ಮಾತುಗಾರನಾದರೂ ಅರ್ಥದಲ್ಲಿ ಸೋಲದೆ ನಿಲ್ಲಬೇಕು. ಅಪ್ಪಯ್ಯ ದನಿ ಏರಿಸುತ್ತಿರಲಿಲ್ಲ. ದನಿ ಇಳಿಸಿ ಕೇಳುತ್ತಿದ್ದರು. ಅಂಗಳದಲ್ಲಿ ಚಾಪೆ ಹಾಸಿ ಕುಳಿತ ಹೆಂಗಸರು ಸೆರಗಿನಿಂದ ಕಣ್ಣು ಒರೆಸುವುದನ್ನು ನಾನು ಕಂಡಿದ್ದೇನೆ. ಅವರಲ್ಲಿ ಅನೇಕರಿಗೆ ಮದುವೆಗೆ ಮುಂಚೆ ಯಾರೂ ಏನನ್ನೂ ಕೇಳಿರಲಿಲ್ಲ.

ನನಗೆ ಇಪ್ಪತ್ತಾಗುವ ಹೊತ್ತಿಗೆ ಸಂಬಂಧಗಳು ಬರತೊಡಗಿದವು. ಕುಂದಾಪುರದ ಭಂಡಾರ್ಕಾರ್ಸ್ ಕಾಲೇಜಿನಲ್ಲಿ ನಾನು ಡಿಗ್ರಿ ಓದುತ್ತಿದ್ದೆ. ಬಸ್ಸಿನ ಪಾಸು, ಫೀಸು, ಪುಸ್ತಕ ಎಲ್ಲವೂ ಮೇಳದ ಮುಂಗಡದಿಂದಲೇ. ಓದಿಸಿದ್ದು ಸಾಕು, ಗಂಡಿನ ಕಡೆಯವರು ಒಳ್ಳೆಯವರು, ಮುಂಬೈಯಲ್ಲಿ ಸ್ವಂತ ಹೋಟೆಲು ಎಂದು ಹಿರಿಯರು ಒತ್ತಾಯ ಮಾಡಿದರು. ಅಪ್ಪಯ್ಯ ಜಗಲಿಯಲ್ಲಿ ಕುಳಿತು ಎಲ್ಲರ ಮಾತು ಕೇಳಿದರು. ಕೊನೆಗೆ ಹೇಳಿದ್ದು ಇಷ್ಟೇ: "ನಾ ಅಂಬೆ ಮಾಡ್ದವ. ಹೆಣ್ಣ್‌ಮಗುನ್ ಕೇಳ್ದೆ ಮದಿ ಮಾಡುಕಾತ್ತಾ?" ಮತ್ತೆ ಆ ಮಾತು ಮನೆಯಲ್ಲಿ ಬರಲಿಲ್ಲ. ನನ್ನ ಕಡೆ ತಿರುಗಿ, "ನೀ ಓದ್. ಉಳ್ದದ್ ನಾ ಕಾಣ್ತೆ" ಎಂದರು. ನಾನು ಎಂ.ಎ. ಮಾಡಿದೆ, ಕೆಲಸ ಹಿಡಿದೆ, ಆಮೇಲೆ ನಾನೇ ಒಪ್ಪಿದವರನ್ನು ಮದುವೆಯಾದೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟ ಒಬ್ಬ ಮನುಷ್ಯನಿಗೆ ಈ ತಿಳಿವಳಿಕೆ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಸಿದ್ಧವಿದೆ. ಪ್ರತಿ ರಾತ್ರಿ ಹೆಣ್ಣಾಗಿ ನಿಂತು, ಹೆಣ್ಣಿನ ಮಾತನ್ನು ತನ್ನ ಬಾಯಿಂದ ಆಡಿ, ಅದಕ್ಕೆ ಎದುರಿನ ಗಂಡಸು ಏನು ಉತ್ತರ ಕೊಡುತ್ತಾನೆಂದು ಕೇಳಿಸಿಕೊಂಡ ಮನುಷ್ಯ ಅವರು. ಗಂಡಸರು ಸ್ತ್ರೀವೇಷ ಮಾಡುವುದರ ಬಗ್ಗೆ ಪಂಡಿತರು ಬೇಕಾದಷ್ಟು ಚರ್ಚೆ ಮಾಡಿದ್ದಾರೆ. ಆ ವೇಷ ಮನೆಗೆ ಬಂದು ಒಬ್ಬ ಅಪ್ಪನನ್ನು ಹೇಗೆ ತಿದ್ದಿತು ಎಂಬುದಕ್ಕೆ ನಾನು ಸಾಕ್ಷಿ.

ಅಪ್ಪಂದಿರ ಬಗ್ಗೆ ಹೆಣ್ಣುಮಕ್ಕಳು ಬರೆಯುವುದು ನಮ್ಮಲ್ಲಿ ಕಡಿಮೆ. ಕುಂದಾಪುರದ ವಕೀಲ ಎ.ವಿ.ಎನ್. ಹೆಬ್ಬಾರರ ಮಗಳು ವೈದೇಹಿಯವರು ಈ ಊರಿನ ಹೆಂಗಸರ ಮಾತು, ಅಡುಗೆಮನೆ, ನುಂಗಿಕೊಂಡ ದುಃಖ ಎಲ್ಲವನ್ನೂ ಕನ್ನಡಕ್ಕೆ ಕೊಟ್ಟರು. 'ಕ್ರೌಂಚ ಪಕ್ಷಿಗಳು' ಸಂಕಲನಕ್ಕೆ 2009ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂತು. ಅವರನ್ನು ಓದಿಯೇ ನನಗೆ ನಮ್ಮ ಮನೆಯ ಮಾತೂ ಬರೆಯಲು ತಕ್ಕದ್ದು ಎಂಬ ಧೈರ್ಯ ಬಂದದ್ದು. ಆದರೆ ಅಪ್ಪನನ್ನು ಮಗಳು ಹೇಗೆ ನೋಡುತ್ತಾಳೆ ಎಂಬುದನ್ನು ಓದಬೇಕೆನಿಸಿದಾಗ ನಾನು ಹೋದದ್ದು ಕೋಟದ ಇನ್ನೊಬ್ಬ ಅಪ್ಪನ ಬಳಿಗೆ.

ಶಿವರಾಮ ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10, ಕೋಟದಲ್ಲಿ. ಅವರ ಹುಟ್ಟುಹಬ್ಬಕ್ಕೆ ತಾರೀಕು ಗಟ್ಟಿಯಾಗಿದೆ. ಪ್ರತಿ ವರ್ಷ ಆ ದಿನ ಕೋಟತಟ್ಟಿನ ಕಾರಂತ ಥೀಮ್ ಪಾರ್ಕಿನಲ್ಲಿ ಊರವರು ಸೇರುತ್ತಾರೆ, ಹುಟ್ಟೂರಿನ ಹೆಸರಿನಲ್ಲೇ ಪ್ರಶಸ್ತಿ ಕೊಡುತ್ತಾರೆ. 1968ರಲ್ಲಿ ಬಂದ ಪದ್ಮಭೂಷಣವನ್ನು ತುರ್ತುಪರಿಸ್ಥಿತಿಯ ವಿರುದ್ಧ 1975ರಲ್ಲಿ ಮರಳಿಸಿದ ಕಾರಂತ, ಜ್ಞಾನಪೀಠದ ಕಾರಂತ, ಕೈಗಾ ಅಣುಸ್ಥಾವರದ ವಿರುದ್ಧ ನಿಂತು 1989ರಲ್ಲಿ ಲೋಕಸಭೆಗೆ ಸ್ಪರ್ಧಿಸಿದ ಕಾರಂತ, ಇವರೆಲ್ಲ ನಮಗೆ ಗೊತ್ತು. ಮಕ್ಕಳು ಕಂಡ ಕಾರಂತರು ಗೊತ್ತಿರಲಿಲ್ಲ. ಅದು ಪುಸ್ತಕವಾಗಿ ಬಂದದ್ದು 2021ರಲ್ಲಿ, 'ಗ್ರೋಯಿಂಗ್ ಅಪ್ ಕಾರಂತ್' ಎಂಬ ಇಂಗ್ಲಿಷ್ ಕೃತಿಯಾಗಿ. ಮಗ ಉಲ್ಲಾಸ ಕಾರಂತ, ಹೆಣ್ಣುಮಕ್ಕಳಾದ ಮಾಳವಿಕಾ ಕಪೂರ್ ಮತ್ತು ಕ್ಷಮಾ ರಾವ್ ಮೂವರೂ ಸೇರಿ ಬರೆದದ್ದು.

ಕಾರಂತರ ಸಂಸಾರದ ಕಥೆಯಲ್ಲಿ ನನಗೆ ಮೊದಲು ಕಾಣುವುದು ಲೀಲಾ. ಬಂಟ ಸಮುದಾಯದ ಲೀಲಾ ಆಳ್ವರನ್ನು ಕೋಟದ ಬ್ರಾಹ್ಮಣರ ಹುಡುಗ 1936ರಲ್ಲಿ ಮದುವೆಯಾದದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ. ಪುತ್ತೂರಿನ ಬಾಲವನದಲ್ಲಿ ಹರ್ಷ, ಮಾಳವಿಕಾ, ಉಲ್ಲಾಸ, ಕ್ಷಮಾ ಎಂಬ ನಾಲ್ಕು ಮಕ್ಕಳು ಬೆಳೆದರು. ಕಾರಂತರ ಎಷ್ಟೋ ಪುಸ್ತಕಗಳು ಅಚ್ಚಾದದ್ದು ಹಿರಿಮಗನ ಹೆಸರಿನ ಹರ್ಷ ಪ್ರಕಟಣಾಲಯದಿಂದ. ಆ ಹರ್ಷ 1961ರಲ್ಲಿ ತೀರಿಕೊಂಡರು. ಲೀಲಾ ಆ ದುಃಖದಿಂದ ಪೂರ್ತಿ ಹೊರಬರಲಿಲ್ಲ, 1986ರಲ್ಲಿ ಅವರೂ ಹೋದರು. ಇಂಥ ಮನೆಯಲ್ಲಿ ಬೆಳೆದ ಮಾಳವಿಕಾ ಮುಂದೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕಿಯಾದರು, ಮಕ್ಕಳ ಮನಸ್ಸನ್ನೇ ತಮ್ಮ ಕೆಲಸ ಮಾಡಿಕೊಂಡರು. ಉಲ್ಲಾಸರು ಎಂಜಿನಿಯರಿಂಗ್ ಓದಿಯೂ ಹುಲಿಗಳ ಹಿಂದೆ ನಾಗರಹೊಳೆಯ ಕಾಡಿಗೆ ಹೋದರು. ಮಕ್ಕಳಿಗಾಗಿ 'ಬಾಲಪ್ರಪಂಚ'ದ ಮೂರು ಸಂಪುಟ ಬರೆದ ಅಪ್ಪ, ತನ್ನ ಮಕ್ಕಳಿಗೆ ಇಂಥದ್ದೇ ಆಗಿ ಎಂದು ಹೇಳಿದವರಲ್ಲ. ಅವರವರ ದಾರಿಗೆ ಅವರವರನ್ನು ಬಿಟ್ಟರು. ಇದು ಕಾರಂತರ ಯಾವ ಕಾದಂಬರಿಗೂ ಕಡಿಮೆಯ ಸಾಧನೆಯಲ್ಲ ಎಂದು ನನ್ನ ಅಭಿಪ್ರಾಯ.

ಅದೇ ಕಾರಂತರು 1933ರ 'ಚೋಮನ ದುಡಿ'ಯಲ್ಲಿ ಒಬ್ಬ ಅಪ್ಪ ಮತ್ತು ಮಗಳನ್ನು ನಮಗೆ ಕೊಟ್ಟವರು. ಉಳಲು ಒಂದು ತುಂಡು ನೆಲ ಬೇಕೆಂದು ಹಂಬಲಿಸಿದ ಚೋಮ, ಅಪ್ಪನ ಸಾಲಕ್ಕೆ ತೋಟದಲ್ಲಿ ದುಡಿದ ಬೆಳ್ಳಿ. ನಾನು ಕಾಲೇಜಿನಲ್ಲಿ ಅದನ್ನು ಪಾಠ ಮಾಡುವಾಗ ಪ್ರತಿ ಸಲ ದನಿ ಕಟ್ಟುತ್ತದೆ. ಗೇಣಿ ಗದ್ದೆಯ ಮನೆಯಿಂದ ಬಂದ ಅಪ್ಪಯ್ಯನಿಗೆ ಮಳೆಗಾಲದ ಒಂದು ಸಂಜೆ ಆ ಕಥೆ ಓದಿ ಹೇಳಿದ್ದೆ. ಕೇಳಿ ಮುಗಿದ ಮೇಲೆ ಅವರು ಎದ್ದು ಹೋಗಿ ದನಕ್ಕೆ ಹುಲ್ಲು ಹಾಕಿ ಬಂದರು. ಆ ದಿನ ಮತ್ತೆ ಮಾತಾಡಲಿಲ್ಲ.

ಅಪ್ಪಯ್ಯ ಕಾರಂತರನ್ನು ದೂರದಿಂದ ಕಂಡವರು, ಹತ್ತಿರದಿಂದ ಅವರ ವಿಷಯ ಕೇಳಿದವರು. 'ಯಕ್ಷಗಾನ ಬಯಲಾಟ' ಪುಸ್ತಕಕ್ಕೆ ಕಾರಂತರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಮೇಳದವರಿಗೆ ದೊಡ್ಡ ಸಂಗತಿ. ತಾವು ರಾತ್ರಿ ನಿದ್ದೆಗೆಟ್ಟು ಮಾಡುವುದು ವಿದ್ಯೆ ಎಂದು ದಿಲ್ಲಿಯವರು ಒಪ್ಪಿದಂತಾಯಿತು. ಆಮೇಲೆ ಕಾರಂತರು ಯಕ್ಷರಂಗದಲ್ಲಿ ಮಾತು ತೆಗೆದು ಬ್ಯಾಲೆ ಮಾಡಿದಾಗ, ಪಿಟೀಲು, ಸ್ಯಾಕ್ಸೋಫೋನ್ ತಂದಾಗ ಚೌಕಿಗಳಲ್ಲಿ ಜಗಳವೇ ಆಗುತ್ತಿತ್ತಂತೆ. ಅಪ್ಪಯ್ಯ ಮಾತು ಬಿಡುವುದನ್ನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಮಾತಿಲ್ಲದಿದ್ದರೆ ಅಂಬೆ ಏನು ಕೇಳುತ್ತಾಳೆ ಎನ್ನುತ್ತಾರೆ. ಆದರೆ ಡೇರೆ ಮೇಳಗಳ ಥಳಕಿನ ಸೀರೆಗಳು ಬಂದಾಗ ಹಳೆಯ ವೇಷದ ಪರ ವಾದಿಸಿದ ಕಾರಂತರನ್ನು ಅವರು ಪೂರ್ತಿ ಒಪ್ಪುತ್ತಾರೆ. ಈ ವಿಷಯದಲ್ಲಿ ನಾನೂ ಅಪ್ಪಯ್ಯನ ಕಡೆ.

ಪ್ರಾಯ ಏರಿದಂತೆ ಅವರು ಕಸೆ ಸ್ತ್ರೀವೇಷ ಬಿಟ್ಟು ಗರತಿಯ ಪಾತ್ರಗಳಿಗೆ ಬಂದರು. ಚಿತ್ರಾಂಗದೆ ಮಾಡುತ್ತಿದ್ದವರು ಕುಂತಿಯಾದರು. ತನಗಿಂತ ಎಷ್ಟೋ ಕಿರಿಯ ಕರ್ಣನೆದುರು 'ಮಗನೇ' ಎಂದು ಕೈಚಾಚುವಾಗ ಅವರಿಗೆ ನಟಿಸುವ ಅಗತ್ಯವೇ ಇರಲಿಲ್ಲ. ಮೇಳದ ಎಳೆಯ ಹುಡುಗರನ್ನು ಅವರು ಹಾಗೆಯೇ ನೋಡಿಕೊಂಡಿದ್ದರು. 2020ರ ಮಾರ್ಚಿನಲ್ಲಿ ಕೋವಿಡ್ ಬಂದು ತಿರುಗಾಟ ಅರ್ಧಕ್ಕೆ ನಿಂತಿತು. ಆ ವರ್ಷ ಗೆಜ್ಜೆ ಬಿಚ್ಚುವ ಶಾಸ್ತ್ರವೂ ಆಗಲಿಲ್ಲ. ಅವರು ಮತ್ತೆ ಮೇಳಕ್ಕೆ ಹೋಗಲಿಲ್ಲ.

ಈಗ ಅವರು ಪಕ್ಕದ ಹೈಸ್ಕೂಲಿನ ಮಕ್ಕಳಿಗೆ ಹೆಜ್ಜೆ ಹೇಳಿಕೊಡುತ್ತಾರೆ. ಉಡುಪಿಯ ಯಕ್ಷಶಿಕ್ಷಣ ಟ್ರಸ್ಟ್ ಹೈಸ್ಕೂಲುಗಳಲ್ಲಿ ಯಕ್ಷಗಾನ ಕಲಿಸಲು ತೊಡಗಿದ ಮೇಲೆ ನಮ್ಮ ಕಡೆಯ ಶಾಲೆಗಳಲ್ಲೂ ಆ ಗಾಳಿ ಬೀಸಿದೆ. ಅಪ್ಪಯ್ಯನ ತರಗತಿಯಲ್ಲಿ ಹುಡುಗಿಯರೇ ಹೆಚ್ಚು. ನನ್ನ ಕಾಲದಲ್ಲಿ ಮೇಳದವರ ಮಗಳು ಗೆಜ್ಜೆ ಕಟ್ಟುತ್ತೇನೆ ಎಂದಿದ್ದರೆ ಊರು ಒಪ್ಪುತ್ತಿರಲಿಲ್ಲ. ಇವತ್ತು ಈ ಹುಡುಗಿಯರು ಅರ್ಜುನನನ್ನೂ ಕುಣಿಯುತ್ತಾರೆ, ಪ್ರಭಾವತಿಯನ್ನೂ ಕುಣಿಯುತ್ತಾರೆ. ಹುಡುಗಿಯರಿಗೆ ಸ್ತ್ರೀವೇಷದ ನಡೆ ಕಲಿಸುವಾಗ ಅಪ್ಪಯ್ಯ ಹೇಳುವುದು ಕೇಳಬೇಕು: "ನೀವ್ ಹೆಣ್ಣಾಯ್ ಹುಟ್ಟಿದ್ರಿ ಅಂದ್ಕಂಡ್ ಬಂದ್‌ಬಿಡುದಲ್ಲ. ಕಲೀಕ್."

ಈ ಹುಟ್ಟುಹಬ್ಬಕ್ಕೆ ಏನು ಕೊಡಲಿ ಎಂದು ಕೇಳಿದರೆ ಅವರಿಂದ ಉತ್ತರ ಬರುವುದಿಲ್ಲವೆಂದು ಗೊತ್ತಿತ್ತು. ಎಷ್ಟು ವರ್ಷವಾಯಿತೆಂದು ಯಾರಾದರೂ ಕೇಳಿದರೆ, ಎಷ್ಟು ತಿರುಗಾಟವಾಯಿತು ಎಂದು ಕೇಳಿ ಎನ್ನುವವರು ಅವರು. ಅದನ್ನೇ ಹಿಡಿದು ಒಂದು ದಪ್ಪ ನೋಟ್‌ಬುಕ್ ತಂದೆ. ಪ್ರತಿ ತಿರುಗಾಟಕ್ಕೆ ಒಂದು ಪುಟ. ಯಾವ ಮೇಳ, ಭಾಗವತರು ಯಾರು, ಮದ್ದಳೆ ಯಾರು, ಚಂಡೆ ಯಾರು, ಎದುರು ವೇಷ ಯಾರದ್ದು, ಆ ವರ್ಷ ಹೆಚ್ಚು ನಡೆದ ಪ್ರಸಂಗ ಯಾವುದು, ತಾವು ಮಾಡಿದ ಪಾತ್ರಗಳು ಯಾವುವು. ಇಸವಿ ಅವರಿಗೆ ನೆನಪಿರುವುದಿಲ್ಲ. ಹೊಳೆ ಉಕ್ಕಿ ಮನೆಯಂಗಳಕ್ಕೆ ಬಂದ ವರ್ಷ, ಅಜ್ಜಿ ಹೋದ ವರ್ಷ, ನೀನು ಹುಟ್ಟಿದ ವರ್ಷ, ಹೀಗೆ ಲೆಕ್ಕ. ಒಂದು ಇಸವಿ ಮಾತ್ರ ತಪ್ಪುವುದಿಲ್ಲ. 1990ರ ಮೇ ತಿಂಗಳು, ತಿರುಗಾಟ ಮುಗಿದ ಹೊತ್ತು, ಭಾಗವತ ಗುಂಡ್ಮಿ ಕಾಳಿಂಗ ನಾವಡರು ರಸ್ತೆ ಅಪಘಾತದಲ್ಲಿ ತೀರಿಕೊಂಡ ಸುದ್ದಿ ಬಂತು. ನಾವಡರಿಗೆ ಆಗ 31 ವರ್ಷ. ಅಪ್ಪಯ್ಯ ಅವರ ಮೇಳದಲ್ಲಿ ಇದ್ದವರಲ್ಲ. ಆದರೂ ಆ ದಿನ ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಆ ಪುಟದಲ್ಲಿ ಬೇರೇನನ್ನೂ ಬರೆಸಲು ಅವರು ಒಪ್ಪಲಿಲ್ಲ.

ಬರೆಯುತ್ತ ಹೋದಂತೆ ನನಗೆ ಸ್ಪಷ್ಟವಾದದ್ದು, ಈ ಪುಟಗಳಲ್ಲಿರುವ ಎಷ್ಟೋ ಹೆಸರುಗಳು ಬೇರೆಲ್ಲೂ ಇಲ್ಲ. ಪೆಟ್ಟಿಗೆ ಹೊತ್ತವರು, ಚೌಕಿಯ ಅಡುಗೆಯವರು, ಗ್ಯಾಸ್‌ಲೈಟಿಗೆ ಗಾಳಿ ಹಾಕಿದವರು, ಕೋಡಂಗಿ ಕುಣಿದು ಎರಡೇ ವರ್ಷಕ್ಕೆ ಮುಂಬೈಗೆ ಹೋದ ಹುಡುಗರು. ದೊಡ್ಡ ಕಲಾವಿದರ ಬಗ್ಗೆ ಗ್ರಂಥಗಳಿವೆ, ಅಭಿನಂದನೆಗಳಿವೆ, ಅವು ಬೇಕು. 1975ರಲ್ಲಿ ಹುಟ್ಟಿದ ಉಡುಪಿಯ ಯಕ್ಷಗಾನ ಕಲಾರಂಗದಂಥ ಸಂಸ್ಥೆ ಯಕ್ಷನಿಧಿಯಿಂದ ಬಡ ಕಲಾವಿದರ ನೆರವಿಗೆ ನಿಂತಿದೆ, ವಿದ್ಯಾಪೋಷಕ್ ಮೂಲಕ ಮಕ್ಕಳನ್ನು ಓದಿಸುತ್ತಿದೆ. ಆ ಋಣ ನಮ್ಮ ಕಡೆಯ ಎಷ್ಟೋ ಮನೆಗಳ ಮೇಲಿದೆ. ಆದರೆ ಸಣ್ಣ ವೇಷಗಳವರ ನೆನಪನ್ನು ಬರೆದಿಡುವುದು ಸಂಸ್ಥೆಗಳಿಂದ ಆಗುವ ಕೆಲಸವಲ್ಲ. ಅದು ಮನೆಯವರ ಕೆಲಸ. ಕಾರಂತರ ಮಕ್ಕಳು ಅಪ್ಪನ ಬಗ್ಗೆ ಬರೆದ ಪುಸ್ತಕ ಬಂದದ್ದು ಅವರು ತೀರಿಕೊಂಡು 24 ವರ್ಷಗಳ ನಂತರ. ಕಾರಂತರದ್ದು ಬೇರೆ ಕಥೆ, ತಮ್ಮ ಬದುಕನ್ನು ಅವರೇ 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಎಂದು ಬರೆದಿಟ್ಟಿದ್ದರು. ನಮ್ಮ ಅಪ್ಪಂದಿರು ಬರೆದಿಟ್ಟಿಲ್ಲ. ಅವರ ಬಾಯಲ್ಲಿದ್ದದ್ದು ಅವರೊಂದಿಗೇ ಹೋಗುತ್ತದೆ.

ಅಮಾವಾಸ್ಯೆಯ ದಿನ ಮರವಂತೆಗೆ ಹೋಗಿ ಬಂದು, ಅಬ್ಬಿ ಮಾಡಿದ ಹಾಲುಬಾಯಿ ತಿಂದು, ಅಪ್ಪಯ್ಯ ಕೊನೆಯ ಪುಟಗಳನ್ನು ಹೇಳಿ ಬರೆಸಿದರು. ಆ ನೋಟ್‌ಬುಕ್ಕಿನ ಒಂದು ಪ್ರತಿಯನ್ನು ನಮ್ಮ ಕಾಲೇಜಿನ ಗ್ರಂಥಾಲಯಕ್ಕೆ ಕೊಟ್ಟಿದ್ದೇನೆ. ಮೇಳಕ್ಕೆ, ಬೋಟಿಗೆ, ಹೋಟೆಲಿಗೆ ಹೋಗಿ ಬಂದ ಅಪ್ಪ ನಿಮ್ಮ ಮನೆಯ ಜಗಲಿಯಲ್ಲೂ ಕುಳಿತಿದ್ದರೆ, ಒಂದು ಪುಸ್ತಕ, ಒಂದು ಪೆನ್ನು ಹಿಡಿದು ಪಕ್ಕದಲ್ಲಿ ಕೂತುಕೊಳ್ಳಿ. ಇಸವಿ ನೆನಪಿಲ್ಲ ಎಂದರೆ ಮಳೆಯ ಲೆಕ್ಕದಲ್ಲಿ ಕೇಳಿ. ಜೊತೆಗಿದ್ದವರ ಹೆಸರನ್ನು ತಪ್ಪದೆ ಕೇಳಿ. ಬರೆದದ್ದನ್ನು ಹತ್ತಿರದ ಶಾಲೆಗೋ ಗ್ರಂಥಾಲಯಕ್ಕೋ ಒಂದು ಪ್ರತಿ ಕೊಡಿ.